ಬೀರಲಿಂಗಪ್ಪ ಕೈ ಎತ್ತಿದ್ದು

ಕುಪ್ಪೇಲೂರಿನ ಬೀರಲಿಂಗಪ್ಪ ಯಾರಿಗೂ ಕೈ ಎತ್ತಿ ನಮಸ್ಕಾರ ಮಾಡುವವನಲ್ಲ. ಊರವರು ಅದನ್ನು ಸೊಕ್ಕು ಎನ್ನುತ್ತಿದ್ದರು. ನಿಜವೆಂದರೆ ಅವನಿಗೆ ಮಾತೆಂದರೆ ಭಯ. ಒಂದು ನಮಸ್ಕಾರ ಹಾಕಿದರೆ ಎದುರಿನವನು ನಿಲ್ಲುತ್ತಾನೆ. ನಿಂತವನು ಗೋವಿನಜೋಳ ಹೇಗಿದೆ ಎಂದು ಕೇಳುತ್ತಾನೆ. ಅಲ್ಲಿಂದ ಶುರುವಾದದ್ದು ಅವನ ಅಳಿಯನ ಹೊಟ್ಟೆಹುಣ್ಣಿನವರೆಗೆ ಹೋಗಿ, ಬಿಸಿಲು ನೆತ್ತಿಗೆ ಬರುತ್ತದೆ. ಹೀಗಾಗಿ ಬೈಕ್ ಹತ್ತಿದನೆಂದರೆ ಬೀರಲಿಂಗಪ್ಪನ ಕಣ್ಣು ರಸ್ತೆ ಬಿಟ್ಟು ಅತ್ತಿತ್ತ ಹೊರಳುತ್ತಿರಲಿಲ್ಲ. ಮನೆಯ ಪಾಲಿಗೆ ಬಂದ ಮಾತನ್ನೆಲ್ಲ ಹೆಂಡತಿ ಉಡಚವ್ವ ಒಬ್ಬಳೇ ಆಡಿ ಮುಗಿಸುತ್ತಿದ್ದಳು.

ಗೋಣೆಪ್ಪನ ಜೊತೆ ಮಾತು ಬಿಟ್ಟದ್ದಕ್ಕೆ ಮಾತ್ರ ಬೇರೆಯೇ ಕಾರಣವಿತ್ತು. ಗೋಣೆಪ್ಪ ಅವನ ಬಾಲ್ಯದ ಗೆಳೆಯ. ಎಂಟು ವರ್ಷದ ಹಿಂದೆ ಗೋಣೆಪ್ಪ ಹೊಸ ಮನೆ ಕಟ್ಟಿಸಿ ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದ. ಬೆಳಿಗ್ಗೆ ಬಾಗಿಲ ಮುಂದೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿದ್ದ. ಊಟದ ಹೊತ್ತಿಗೆ ಅದು ದೊಡ್ಡ ಚೌಕಟ್ಟಿನಲ್ಲಿ ಪಡಸಾಲೆಯ ಗೋಡೆಗೆ ಬಂದಿತ್ತು. ಹೋಳಿಗೆ ಮುರಿಯುತ್ತ ಬೀರಲಿಂಗಪ್ಪ ತಲೆ ಎತ್ತಿ ನೋಡಿದರೆ, ಸಾಲಿನ ಕೊನೆಯಲ್ಲಿ ನಿಂತಿದ್ದ ಅವನ ಮುಖವೇ ಇಲ್ಲ. ಒಂದು ಹೆಗಲು, ಒಂದು ತೋಳು, ಮುಂಗೈಯಲ್ಲಿ ಕೈಗಡಿಯಾರ, ಅಷ್ಟೇ. ಉಳಿದದ್ದನ್ನು ಚೌಕಟ್ಟು ನುಂಗಿತ್ತು.

"ನನ್ನ ಮಾರಿ ಎಲ್ಲೆತಿ?" ಎಂದು ಅವನು ಕೇಳಿದ.

"ಮಾರಿ ಇಲ್ಲಂದ್ರ ಏನಾತೋ? ಹೆಗಲ ಐತೆಲ್ಲ! ದೋಸ್ತ ಅಂದ್ರ ಹೆಗಲ ಕೊಡಾಂವ," ಎಂದು ಗೋಣೆಪ್ಪ ನಗೆಯಾಡಿದ. ಊಟಕ್ಕೆ ಕೂತ ಪಂಕ್ತಿಯೆಲ್ಲ ನಕ್ಕಿತು. ಬೀರಲಿಂಗಪ್ಪ ಅರ್ಧ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದು ಬಂದವನು ಮತ್ತೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ.

ಈ ವರ್ಷ ಮೆಣಸಿನಕಾಯಿ ಸುಗ್ಗಿಯ ದಿನಗಳಲ್ಲಿ ಒಂದು ಬೆಳಿಗ್ಗೆ ಉಡಚವ್ವನಿಗೆ ವರ್ಷದ ಖಾರಪುಡಿ ಮಾಡಿಡುವ ಉಮೇದಿ ಬಂತು. ಅದಕ್ಕೆ ತಾಮ್ರದ ದೊಡ್ಡ ತಟ್ಟೆ, ಪರಾತ, ಬೇಕು. ಪರಾತ ಅಟ್ಟದ ಮೇಲಿದೆ. ಏಣಿಯನ್ನು ಯಾರೋ ಒಯ್ದಿದ್ದಾರೆ. ಬೀರಲಿಂಗಪ್ಪ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎಳೆದುಕೊಂಡು ಹತ್ತಿ ನಿಂತ. ಪರಾತದ ಅಂಚಿಗೆ ಬೆರಳು ತಾಗುವಷ್ಟರಲ್ಲಿ ಕುರ್ಚಿಯ ಕಾಲುಗಳು ಆಗ ತಾನೇ ಹುಟ್ಟಿದ ಕರುವಿನ ಕಾಲಿನಂತೆ ನಾಲ್ಕೂ ದಿಕ್ಕಿಗೆ ಜಾರಿದವು. ಬೀಳುವ ಗಾಬರಿಯಲ್ಲಿ ಅವನು ಬಲಗೈಯಿಂದ ಮೇಲಿನ ತೊಲೆಯನ್ನು ಹಿಡಿದ. ಇಡೀ ಮೈಯ ಭಾರ ಒಂದೇ ತೋಳಿಗೆ ಜೋತುಬಿತ್ತು. ಹೆಗಲಿನೊಳಗೆ 'ಕಟಕ್' ಎಂದಿತು. ಹಿಡಿತ ತಪ್ಪಿ ಅವನು ನೆಲಕ್ಕೆ ಬಂದ. ಎರಡೂ ಕಾಲಿನ ಮೇಲೆ, ಸರಿಯಾಗಿಯೇ ಬಂದ.

ಕೈ ಮಾತ್ರ ಬರಲಿಲ್ಲ. ಅದು ಮೇಲೆಯೇ ಉಳಿಯಿತು.

ತೋಳು ಕಿವಿಗೆ ಅಂಟಿಕೊಂಡಿತ್ತು, ಅಂಗೈ ಮಾಡಿನತ್ತ ತೆರೆದಿತ್ತು. ಸಪ್ಪಳ ಕೇಳಿ ಉಡಚವ್ವ ಅಡುಗೆಮನೆಯಿಂದ ಓಡಿ ಬಂದಳು. ಮೊದಲು ಪರಾತ ನೆಟ್ಟಗಿದೆಯೇ ಎಂದು ನೋಡಿದಳು, ಆಮೇಲೆ ಗಂಡನನ್ನು ನೋಡಿದಳು.

"ಕೈ ಇಳಸ್ರಿ. ಯಾರಿಗಿ ಆಶೀರ್ವಾದ ಮಾಡಾಕತ್ತೀರಿ?"

"ಇಳೀವಲ್ದು."

"ಇಳೀವಲ್ದು ಅಂದ್ರ? ನಿಮ್ಮ ಕೈ ಅಲ್ಲೇನು ಅದು?"

ಅವಳು ಬಾವಿಯ ಹಗ್ಗ ಜಗ್ಗುವಂತೆ ಅವನ ಮುಂಗೈ ಹಿಡಿದು ಕೆಳಗೆ ಎಳೆದಳು. ಬೀರಲಿಂಗಪ್ಪ ಹೊಡೆದ ಕೂಗಿಗೆ ಮಾಡಿನ ಮೇಲಿನ ಪಾರಿವಾಳಗಳೆಲ್ಲ ಹಾರಿಹೋದವು. ಅವಳು ಕೈ ಬಿಟ್ಟಳು. ಮೊಣಕೈ ಏನೋ ಮಡಚುತ್ತಿತ್ತು, ಬೆರಳೂ ಆಡುತ್ತಿದ್ದವು. ಹೆಗಲು ಮಾತ್ರ ಬೀಗ ಹಾಕಿದ ಹಾಗೆ ಗಟ್ಟಿಯಾಗಿತ್ತು. ಅವನು ಮೊಣಕೈ ಮಡಚಿ ಅಂಗೈಯನ್ನು ತಲೆಯ ಮೇಲೆ ಇಟ್ಟುಕೊಂಡ. ನೋವು ಸ್ವಲ್ಪ ತಡೆಯುವ ಹಾಗಾಯಿತು. ಹಾಗೆಯೇ ಕಟ್ಟೆಯ ಮೇಲೆ ಕುಕ್ಕರಿಸಿದ.

ಆ ಹೊತ್ತಿಗೆ ಕೂಗು ಕೇಳಿದ ಪಕ್ಕದ ಮನೆಯ ಮುದುಕಿ ಉಚ್ಚಂಗೆವ್ವ ಬಾಗಿಲಲ್ಲಿ ಇಣುಕಿದಳು. ಗಂಡಸು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾನೆ, ಕಣ್ಣಲ್ಲಿ ನೀರಿದೆ. ಅವಳಿಗೆ ಅಷ್ಟೇ ಸಾಕಾಯಿತು.

"ಅಯ್ಯ ನನ್ನವ್ವಾ! ಯಾರ್ ಹೋದ್ರಬೇ ಉಡಚಿ?" ಎಂದು ಎದೆ ಬಡಿದುಕೊಂಡಳು.

"ಯಾರೂ ಹೋಗಿಲ್ಲ ಅತ್ತಿ, ಕೈ ಹೋಗೈತಿ!"

ಅದನ್ನು ಕೇಳುವ ತಾಳ್ಮೆ ಉಚ್ಚಂಗೆವ್ವನಿಗೆ ಇರಲಿಲ್ಲ. ಅವಳು ಆಗಲೇ ಹಾಡಿ ಅಳಲು ಶುರು ಮಾಡಿದ್ದಳು. ಓಣಿಯ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ಒಬ್ಬೊಬ್ಬರಾಗಿ ಒಳಗೆ ಬಂದು ಗೋಡೆಗೆ ಒರಗಿ ಕೂತರು. ಒಬ್ಬಾಕೆ, "ದೂರದ ಮಂದಿ ಬರೂತನಕ ಮಣ್ಣ ತಡೀತೀರೇನು?" ಎಂದು ಮೆಲ್ಲಗೆ ವಿಚಾರಿಸಿದಳು.

"ಮೊದ್ಲ ತಲೀ ಮ್ಯಾಲಿಂದ ಕೈ ತಗೀರಿ," ಎಂದು ಉಡಚವ್ವ ಗಂಡನಿಗೆ ಗದರಿದಳು. "ಇಲ್ಲಂದ್ರ ಹೊತ್ತೇರೂದ್ರಾಗ ಹಲಗಿ ಬಾರಸವ್ರೂ ಬರ್ತಾರ. ಕೈ ನೆಟ್ಟಗ ಹಿಡೀರಿ. ರಾಣೆಬೆನ್ನೂರಿಗೆ ಹೋಗೂಣು. ಆಂಬುಲೆನ್ಸಿಗೆ ಫೋನ್ ಹಚ್ಚತೇನಿ."

"ಬ್ಯಾಡ ಬ್ಯಾಡ! ಆಂಬುಲೆನ್ಸ್ ಬಂದ್ರ ಊರಿಗೆಲ್ಲಾ ಗೊತ್ತಾಕ್ಕೈತಿ," ಎಂದ ಬೀರಲಿಂಗಪ್ಪ.

ಬಸ್ಸು ಆಗಷ್ಟೇ ಹೋಗಿತ್ತು. ಆಟೋ ಬಂತು, ಆದರೆ ಮೇಲಿನ ಹೊದಿಕೆಗೆ ಮೊಣಕೈ ತಾಗಿ ಅವನಿಗೆ ಒಳಗೆ ಹೋಗಲಾಗಲಿಲ್ಲ. ಅಷ್ಟರಲ್ಲಿ ಅದೇ ಊರಿನ ದಾದಾಸಾಬ ತನ್ನ ಸಣ್ಣ ಗೂಡ್ಸ್ ಗಾಡಿಯಲ್ಲಿ ಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿ ಮಾರ್ಕೆಟ್ಟಿಗೆ ಹೊರಟಿದ್ದ. ಓಣಿಯ ತುದಿಯಲ್ಲಿ ಕೈ ಎತ್ತಿ ನಿಂತ ಬೀರಲಿಂಗಪ್ಪನನ್ನು ಕಂಡು ಗಾಡಿ ನಿಲ್ಲಿಸಿದ.

"ಕಾಕಾ, ನೀವು ಕೈ ಮಾಡಿದ್ರಿ, ನಾ ನಿಂದ್ರಲಿಲ್ಲ ಅಂತ ಆಗಬಾರ್ದು. ಎಲ್ಲಿಗೆ?"

"ದವಾಖಾನಿಗೆ," ಎಂದಳು ಉಡಚವ್ವ.

ಮುಂದಿನ ಕ್ಯಾಬಿನ್ನಿನಲ್ಲೂ ಕೈ ಹಿಡಿಸಲಿಲ್ಲ. ಕಡೆಗೆ ಅವನನ್ನು ಹಿಂದೆ, ಚೀಲಗಳ ನಡುವೆ ನಿಲ್ಲಿಸಿದರು. ಎಡಗೈಯಲ್ಲಿ ಅವನು ಗಾಡಿಯ ಕಂಬಿ ಹಿಡಿದ. ಬಲಗೈ ಆಕಾಶಕ್ಕೆ ಇದ್ದೇ ಇತ್ತು. ಉಡಚವ್ವ ಒಂದು ಚೀಲದ ಮೇಲೆ ಕೂತು ಅವನ ಧೋತರದ ಚುಂಗು ಹಿಡಿದುಕೊಂಡಳು.

ಊರ ಮುಂದಿನ ಚಹಾದಂಗಡಿಯ ಬೆಂಚಿನ ಮೇಲೆ ದಿನವೂ ಕೂರುವವರು ಅವತ್ತೂ ಕೂತಿದ್ದರು. ಗಾಡಿ ಬಂತು. ಅದರ ಮೇಲೆ ಬೀರಲಿಂಗಪ್ಪ ಕೈ ಎತ್ತಿ ನಿಂತಿದ್ದ. ಗಾಡಿ ರಸ್ತೆಯ ತಗ್ಗಿಗೆ ಇಳಿದಾಗಲೆಲ್ಲ ನೋವಿಗೆ ಅವನ ಹಲ್ಲು ಹೊರಗೆ ಬರುತ್ತಿತ್ತು. ಬೆಂಚಿನವರಿಗೆ ಅದು ನಗುವಾಗಿ ಕಂಡಿತು. ಹುಟ್ಟಿದಾಗಿನಿಂದ ಒಮ್ಮೆಯೂ ಕೈ ಎತ್ತದವನು ಎತ್ತಿದ್ದಾನೆ, ಮೇಲಾಗಿ ನಗುತ್ತಿದ್ದಾನೆ! ಎಲ್ಲರೂ ಗಡಬಡಿಸಿ ಎದ್ದು ಕೈ ಮುಗಿದರು. ಒಬ್ಬನ ಚಹಾ ಇನ್ನೊಬ್ಬನ ಅಂಗಿಯ ಮೇಲೆ ಹೋಯಿತು.

"ಸೊಸೈಟಿ ಇಲೆಕ್ಷನ್ನಿಗೆ ನಿಂತಾನ!" ಎಂದು ಅಂಗಿ ಒರೆಸಿಕೊಳ್ಳುತ್ತಿದ್ದವನು ತೀರ್ಮಾನ ಕೊಟ್ಟ. "ಇಲ್ಲಂದ್ರ ಈ ಮನಷ್ಯಾ ಕೈ ಎತ್ತತಾನೇನು?"

"ಕೈ ಇಳೀವಲ್ದೋ!" ಎಂದು ಬೀರಲಿಂಗಪ್ಪ ಗಾಡಿಯಿಂದ ಕೂಗಿದ.

"ಇಳಸಬ್ಯಾಡ್ರಿ! ನಾವು ನಿಮ್ಮ ಹಿಂದ ಅದೇವಿ!" ಎಂದು ಇವರು ತಿರುಗಿ ಕೂಗಿದರು. ಇಬ್ಬರು ಹುಮ್ಮಸ್ಸಿನಿಂದ ಬೈಕ್ ಹತ್ತಿ ಹಾರ್ನ್ ಹೊಡೆಯುತ್ತ ಹಿಂದೆಯೇ ಹೊರಟರು.

ಮುಂದಿನ ತಿರುವಿನಲ್ಲಿ ಕ್ಷೌರದಂಗಡಿ. ಗೋಣೆಪ್ಪ ಕುರ್ಚಿಯಲ್ಲಿ ಕೂತಿದ್ದ. ಒಂದು ಕೆನ್ನೆಯ ಕ್ಷೌರ ಆಗಿತ್ತು, ಇನ್ನೊಂದರ ಮೇಲೆ ನೊರೆ ಇತ್ತು. ಹಾರ್ನಿಗೆ ಅವನು ಕನ್ನಡಿಯಿಂದ ಕಣ್ಣು ತಿರುಗಿಸಿ ಹೊರಗೆ ನೋಡಿದ. ಬೀರಲಿಂಗಪ್ಪ ಅವನ ಕಡೆಗೇ ಮುಖ ಮಾಡಿ, ಕೈ ಎತ್ತಿ, ಹಲ್ಲು ಬಿಟ್ಟು ಹೋಗುತ್ತಿದ್ದ. ಇಷ್ಟು ವರ್ಷ ಗೋಣೆಪ್ಪನೂ ಒಳಗೊಳಗೇ ಕಾದಿದ್ದ. ಎಷ್ಟೋ ಸಲ ಆ ಫೋಟೋ ತೆಗೆದಿಡಬೇಕೆಂದು ಚೌಕಟ್ಟಿಗೆ ಕೈ ಹಾಕಿದ್ದ, ಆದರೆ ತೆಗೆದರೆ ತಾನು ಸೋತಂತಾಗುತ್ತದೆಂದು ಹಾಗೇ ಬಿಟ್ಟಿದ್ದ.

"ಬೀರ್ಯಾ ನನಗ ಕೈ ಮಾಡಿದ!" ಎಂದವನೇ ಎದ್ದ. ಕುತ್ತಿಗೆಗೆ ಕಟ್ಟಿದ ಬಟ್ಟೆಯ ಸಮೇತ ಬೈಕ್ ಹತ್ತಿದ. ಕ್ಷೌರದವನು ಕತ್ತಿ ಹಿಡಿದುಕೊಂಡೇ ರಸ್ತೆಯವರೆಗೆ ಓಡಿ ಬಂದು, "ಇನ್ನೊಂದ್ ಗಲ್ಲಾ!" ಎಂದು ಕೂಗಿದ್ದು ಗಾಳಿಯಲ್ಲಿ ಹೋಯಿತು.

ದಾರಿಯುದ್ದಕ್ಕೂ ಮೆಣಸಿನಕಾಯಿಯ ಧೂಳು ಹಾರಿ ಮೂಗಿಗೆ ಬಡಿಯುತ್ತಿತ್ತು. ಬೀರಲಿಂಗಪ್ಪನಿಗೆ ಸೀನು ಹತ್ತಿತು. ಒಂದೊಂದು ಸೀನಿಗೂ ಹೆಗಲಿನಲ್ಲಿ ಮಿಂಚು ಹೊಡೆಯುತ್ತಿತ್ತು. "ಅಕ್ಷೀ... ಅಯ್ಯಯ್ಯೋ! ಅಕ್ಷೀ... ಸತ್ನೆವ್ವಾ!" ಎಂಬುದು ಹಿಂದಿನ ಬೈಕಿನವರಿಗೆ ಘೋಷಣೆಯಂತೆ ಕೇಳಿಸಿತು. ಅವರು "ಜೈ!" ಎಂದರು.

ರಾಣೆಬೆನ್ನೂರು ಸೇರುವ ಹೊತ್ತಿಗೆ ಹಿಂದೆ ಬೈಕುಗಳ ಒಂದು ಸಣ್ಣ ದಿಬ್ಬಣವೇ ಇತ್ತು. ಬೀಜದ ಕಂಪನಿಗಳ ಬೋರ್ಡುಗಳ ಕೆಳಗೆ ನಿಂತಿದ್ದ ರೈತರು, ಯಾರು ಏನೆಂದು ತಿಳಿಯದೆ, ಇರಲಿ ಎಂದು ಕೈ ಮುಗಿದರು. ಬಸ್ ನಿಲ್ದಾಣದ ಹತ್ತಿರ ಅವನ ಎತ್ತಿದ ಕೈ ನೋಡಿ ಆಟೋದವರು ಸಾಲಾಗಿ ಬಂದು ನಿಂತರು. "ಎಲ್ಲಿಗೆ ಯಜಮಾನ್ರ?" ಎಂದು ಅವರು, "ಸರೀರಿ ಹಾದಿ ಬಿಟ್ಟ!" ಎಂದು ದಾದಾಸಾಬ ಕೂಗಾಡುವಷ್ಟರಲ್ಲಿ ಒಂದು ಬಸ್ಸಿನ ಚಾಲಕ ಕೂಡ ಯಾರೋ ಟ್ರಾಫಿಕ್ ನಿಲ್ಲಿಸುತ್ತಿದ್ದಾರೆಂದು ಬ್ರೇಕ್ ಹಾಕಿದ. ಆ ತುದಿಯಿಂದ ಈ ತುದಿಯವರೆಗೆ ಎಲ್ಲವೂ ನಿಂತುಬಿಟ್ಟಿತು.

ಹೇಗೋ ಆಸ್ಪತ್ರೆ ಮುಟ್ಟಿದರು. ಅಲ್ಲಿಯ ಕೌಂಟರಿನ ಹುಡುಗಿ ತಲೆ ಎತ್ತಿ ನೋಡಿ, "ಕೈ ಇಳಸ್ರಿ ಅಜ್ಜಾರ. ಕೈ ಎತ್ತಿದ್ರ ಲಗೂ ಕರಿಯೂದಿಲ್ಲ. ಪಾಳಿ ಬಂದಾಗ ಹೆಸರ ಕೂಗತೇವಿ," ಎಂದಳು.

"ಇಳೀತಿದ್ರ ಇಲ್ಲೀತನಕ ಯಾಕ ಬರ್ತಿದ್ವಿ?" ಎಂದು ಉಡಚವ್ವ ಶುರು ಮಾಡಿದಳು. ಅವಳ ಮಾತು ಒಂದು ಹದಕ್ಕೆ ಬರುವ ಮೊದಲೇ ಬಾಗಿಲು ತೆರೆದು ಎಲುಬಿನ ಡಾಕ್ಟರು ಹೊರಗೆ ಬಂದರು. ಐಶ್ವರ್ಯ ಅಂತ ಹೆಸರು, ವಯಸ್ಸು ಸಣ್ಣದು, ಆಳೂ ಗಿಡ್ಡ. ಬೀರಲಿಂಗಪ್ಪನನ್ನು ಕಂಡು ಅವರ ಮುಖ ದೀಪ ಹಚ್ಚಿದಂತಾಯಿತು.

"ಅಯ್ಯೋ ದೇವ್ರ! ಇದನ್ನ ನಾ ಪುಸ್ತಕದಾಗಷ್ಟ ನೋಡಿದ್ದೆ!" ಎಂದವರು, ಕೂಡಲೇ ಸಾವರಿಸಿಕೊಂಡು, "ಭಾಳ ನೂಸಾಕತ್ತೈತೇನ್ರಿ ಯಜಮಾನ್ರ? ಒಳಗ ಬರ್ರಿ," ಎಂದರು.

ಒಳಗೆ ಅವರು ಮಣಿಕಟ್ಟಿನ ನಾಡಿ ನೋಡಿದರು. ಬೆರಳು ಮಡಚಿ ಬಿಡಿಸಲು ಹೇಳಿದರು. ಹತ್ತಿಯಿಂದ ಹೆಗಲಿನ ಹೊರಬದಿಯನ್ನು ಸವರಿ, "ಮುಟ್ಟಿದ್ದು ತಿಳೀತೈತೇನು?" ಎಂದು ಕೇಳಿದರು. ತಿಳಿಯುತ್ತಿತ್ತು. "ನರಕ್ಕ ಪೆಟ್ಟಾಗಿಲ್ಲ, ಛಲೋ ಆತು," ಎಂದು ಎಕ್ಸ್-ರೇಗೆ ಕಳಿಸಿದರು.

ಎಕ್ಸ್-ರೇ ಬಂದು ಬೆಳಕಿನ ಹಲಗೆಯ ಮೇಲೆ ಏರುವ ಹೊತ್ತಿಗೆ ಗೋಣೆಪ್ಪನೂ ಬಂದು ಬಾಗಿಲಲ್ಲಿ ನಿಂತಿದ್ದ. ನೊರೆ ಗಾಳಿಗೆ ಒಣಗಿ ಒಂದು ಕೆನ್ನೆ ಸುಣ್ಣ ಬಳಿದ ಗೋಡೆಯಾಗಿತ್ತು. ಬೀರಲಿಂಗಪ್ಪ ಅವನನ್ನು ಕಂಡು ಮುಖ ತಿರುಗಿಸಲು ನೋಡಿದ, ಆದರೆ ತಿರುಗುವ ಕಡೆ ತನ್ನದೇ ತೋಳು ಅಡ್ಡ ಇತ್ತು.

ಡಾಕ್ಟರು ಮೇಜಿನ ಮೇಲಿದ್ದ ಹೆಗಲಿನ ಪ್ಲಾಸ್ಟಿಕ್ ಮಾದರಿಯನ್ನು ಎತ್ತಿ ತೋರಿಸಿದರು. "ನೋಡ್ರಿ, ತೊಡೀ ಕೀಲಿಗೆ ದೇವ್ರು ಆಳಾದ ಬಟ್ಟಲಾ ಕೊಟ್ಟಾನ. ಹೆಗಲಿಗೆ ಕಪ್ಪಿನ ಕೆಳಗ ಇಡೂ ಚಾದ ಬಶಿ ಕೊಟ್ಟಾನ. ಆ ಬಶಿ ಮ್ಯಾಲೆ ತೋಳಿನ ಎಲುಬಿನ ಗುಂಡ, ತೆಂಗಿನಕಾಯಿ ಇಟ್ಟಂಗ. ಅದಕ್ಕ ಕೈ ಬೇಕಾದ ಕಡೆ ತಿರಗತೈತಿ, ಅದಕ್ಕಽ ಜಾರತೈತಿ."

"ಹಂಗಾರ ದಿನಾ ಯಾಕ ಜಾರೂದಿಲ್ರಿ?" ಎಂದು ಗೋಣೆಪ್ಪ ಬಾಗಿಲಿಂದಲೇ ಕೇಳಿದ.

"ಸುತ್ತ ನಾಕು ಸ್ನಾಯು ಹಿಡಕೊಂಡು ಕುಂತಾವಲ್ಲ."

"ನಾಕು ಮಂದಿ ಹೆಗಲ ಕೊಟ್ಟಂಗ ಅನ್ರಿ," ಎಂದ ಗೋಣೆಪ್ಪ. ಉಡಚವ್ವ ದುರುಗುಟ್ಟಿದಳು. ಬೆಳಗಿನಿಂದ ಅವಳಿಗೆ ಹೆಣದ ಮಾತು ಸಾಕಾಗಿತ್ತು.

"ಸಾಮಾನ್ಯವಾಗಿ ಈ ಗುಂಡ ಮುಂದಕ್ಕ ಜಾರತೈತಿ. ಇವರದು ಕೆಳಗ ಜಾರಿ ಬಗಲಾಗ ಸಿಕ್ಕೊಂಡೈತಿ. ನೂರರಾಗ ಒಬ್ಬರಿಗೂ ಆಗೂದಿಲ್ಲ," ಎಂದು ಡಾಕ್ಟರು ಎಕ್ಸ್-ರೇಯ ಕಡೆ ಬೆರಳು ತೋರಿಸಿದರು.

ಗೋಣೆಪ್ಪ ಹತ್ತಿರ ಬಂದು, ಕಣ್ಣು ಕಿರಿದು ಮಾಡಿ ಎಕ್ಸ್-ರೇ ನೋಡಿದ. ಬೆಳಕಿನಲ್ಲಿ ಒಂದು ಹೆಗಲು, ಮೇಲೆದ್ದ ಒಂದು ತೋಳು. ಮುಖವಿಲ್ಲ.

"ಲೇ ಬೀರ್ಯಾ," ಎಂದ ಅವನು ಗಂಭೀರವಾಗಿ, "ಇವ್ರೂ ನಿನ್ನ ಮಾರಿ ಬಿಟ್ಟಾರಲೇ! ಇಲ್ಲೂ ಹೆಗಲಷ್ಟ ಬಂದೈತಿ."

ಬೀರಲಿಂಗಪ್ಪನಿಗೆ ನಗು ಉಕ್ಕಿಬಂತು. ತಡೆಯಲು ನೋಡಿದ, ಆಗಲಿಲ್ಲ. ನಕ್ಕ, ನಕ್ಕಿದ್ದಕ್ಕೆ ನೋವಾಗಿ ಕೂಗಿದ, ಕೂಗಿದ್ದಕ್ಕೆ ಗೋಣೆಪ್ಪ ನಕ್ಕ, ಅದನ್ನು ನೋಡಿ ಇವನು ಮತ್ತೆ ನಕ್ಕ. ಕಣ್ಣೀರು ಎರಡೂ ಕಾರಣಕ್ಕೆ ಇಳಿಯಿತು.

"ನಗಸಬ್ಯಾಡ್ರಿ ಅವರನ್ನ!" ಎಂದು ಡಾಕ್ಟರು ಗದರಿದರು. "ನೀವು ಅವರಿಗೆ ಏನಾಗಬೇಕು?"

"ದೋಸ್ತ," ಎಂದ ಗೋಣೆಪ್ಪ. ಹೇಳಿ ಬೀರಲಿಂಗಪ್ಪನ ಕಡೆ ನೋಡಿದ. ಅವನು ಅಲ್ಲವೆನ್ನಲಿಲ್ಲ.

"ಹಂಗಾರ ಕೈ ತೊಳಕೊಂಡ ಬರ್ರಿ. ನನಗ ಜಗ್ಗಾಕ ಆಳ ಬೇಕು. ಮಾರೀನೂ ತೊಳಕೋರಿ."

ಬೀರಲಿಂಗಪ್ಪನನ್ನು ಮಂಚದ ಮೇಲೆ ಮಲಗಿಸಿ ಮಂಪರಿನ ಇಂಜೆಕ್ಷನ್ ಕೊಟ್ಟರು. ಮಡಚಿದ ಬೆಡ್‌ಶೀಟನ್ನು ಅವನ ಬಲ ಹೆಗಲ ಮೇಲಿಂದ ಎದೆಗೆ ಅಡ್ಡ ಹಾಯಿಸಿ, ಎರಡೂ ತುದಿಗಳನ್ನು ಎಡಬದಿಯ ಕೆಳಗೆ ನಿಂತ ಗೋಣೆಪ್ಪನ ಕೈಗೆ ಕೊಟ್ಟರು. ಡಾಕ್ಟರು ತಲೆಯ ಕಡೆ ನಿಂತು ಎತ್ತಿದ ತೋಳನ್ನು ಹಿಡಿದರು. ಅವರು ಮೇಲೆ ಜಗ್ಗಬೇಕು, ಗೋಣೆಪ್ಪ ಕೆಳಗೆ.

ಮಂಪರು ಏರಿದ ಹಾಗೆ ಬೀರಲಿಂಗಪ್ಪನ ಬಾಯಿ ಬಿಚ್ಚಿಕೊಂಡಿತು. ಉಡಚವ್ವ ಮದುವೆಯಾದಂದಿನಿಂದ ಕೇಳಿದ ಒಟ್ಟು ಮಾತಿಗಿಂತ ಹೆಚ್ಚು ಮಾತು ಅಲ್ಲೇ ಕೇಳಿದಳು.

"ಗೋಣ್ಯಾ... ನಿಮ್ಮನಿ ಹೋಳಿಗಿ ಭಾಳ ಛಲೋ ಇತ್ತಲೇ... ಅರ್ಧಾ ಎಲಿಯಾಗ ಬಿಟ್ಟ ಬಂದೆ... ಎಂಟ ವರ್ಷ ಆತು, ಆ ಅರ್ಧಾ ಕಣ್ಣಮುಂದ ಬರತೈತಿ... ಉಡಚಿ ಹೋಳಿಗಿ ಕಲ್ಲ... ಕಲ್ಲ ಅಂದ್ರ ಕಲ್ಲ..."

"ಏನಂದ್ರಿ?" ಎಂದಳು ಉಡಚವ್ವ.

"ಈಗ!" ಎಂದರು ಡಾಕ್ಟರು. ಗೋಣೆಪ್ಪ ಎತ್ತಿನ ಬಂಡಿ ಎಳೆಯುವವನಂತೆ ಕಾಲು ಊರಿ ಒಂದೇ ಸಲ ಜಗ್ಗಿದ. ಬೀರಲಿಂಗಪ್ಪ, ಮಂಚ, ಎಲ್ಲವೂ ಗೋಡೆಯವರೆಗೆ ಬಂದವು. ಡಾಕ್ಟರು ಬೀರಲಿಂಗಪ್ಪನ ಕೈ ಹಿಡಿದುಕೊಂಡೇ ಹಿಂದಿನಿಂದ ಓಡಿ ಬಂದರು. "ಜೋರಲ್ರಿ, ನಿಧಾನಕ್ಕ! ಗುಂಡ ತಾನ ಹಾದಿ ಹುಡುಕತೈತಿ," ಎಂದು ಮಂಚದ ಗಾಲಿಗೆ ಬೀಗ ಹಾಕಿಸಿದರು. ಮತ್ತೆ ಹಿಡಿದರು. ಈ ಸಲ ಇಬ್ಬರೂ ಮೆಲ್ಲಗೆ, ಹಿಟ್ಟು ನಾದುವ ನಿಧಾನದಲ್ಲಿ ಜಗ್ಗಿದರು. ಸ್ವಲ್ಪ ಹೊತ್ತಿನ ಮೇಲೆ ಹೆಗಲಿನೊಳಗೆ ಬೋರೆಹಣ್ಣಿನ ಬೀಜ ಬಾಯಿಂದ ಬಿದ್ದಂತೆ 'ಟೊಪ್' ಎಂದು ಸದ್ದಾಯಿತು. ಡಾಕ್ಟರು ತೋಳನ್ನು ನಿಧಾನವಾಗಿ ಪಕ್ಕಕ್ಕೆ ತಂದು, ಮೈಗೆ ಒತ್ತಿ, ಎದೆಯ ಮೇಲೆ ಮಡಚಿ ಇಟ್ಟರು. ಕೈ ಇಳಿಯಿತು.

ಉಡಚವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಆಮೇಲೆ, "ಕಲ್ಲೇನು?" ಎಂದಳು. ಅಷ್ಟರಲ್ಲಿ ಬೀರಲಿಂಗಪ್ಪ ಗೊರಕೆ ಹೊಡೆಯುತ್ತಿದ್ದ. ಆಕೆಯ ಅದೃಷ್ಟಕ್ಕೋ ಅವನ ಅದೃಷ್ಟಕ್ಕೋ, ಎದ್ದ ಮೇಲೆ ಅವನಿಗೆ ಒಂದು ಮಾತೂ ನೆನಪಿರಲಿಲ್ಲ.

ಸಂಜೆ ಗೋಣೆಪ್ಪ ಒಂದು ಕಾರು ಗೊತ್ತು ಮಾಡಿ ಇಬ್ಬರನ್ನೂ ಊರಿಗೆ ಕರೆತಂದ. ದಾದಾಸಾಬ ಬ್ಯಾಡಗಿ ಮುಟ್ಟುವಷ್ಟರಲ್ಲಿ ಮಾರ್ಕೆಟ್ ಮುಗಿದಿತ್ತಂತೆ. ಆದರೆ ಅವನು ಮರುದಿನ ಬಂದು, "ನಿಮ್ಮನ್ನ ನೋಡಿ ಹಾದಿಗುಂಟ ಎಲ್ಲಾರೂ ಕೈ ಮುಗದ್ರು ಕಾಕಾ, ಇನ್ನೊಮ್ಮೆ ಯಾವಾಗ ಬರ್ತೀರಿ?" ಎಂದು ಕೇಳಿದ.

ಮುಂದಿನ ಕೆಲವು ವಾರ ಬೀರಲಿಂಗಪ್ಪನ ಬಲಗೈ ಬಟ್ಟೆಯ ಜೋಳಿಗೆಯಲ್ಲಿ ಎದೆಗೆ ಬಿಗಿದಿತ್ತು. ಊರವರು ಈಗ ಕಂಡಲ್ಲೆಲ್ಲ ಅವನಿಗೆ ಕೈ ಮುಗಿಯುತ್ತಿದ್ದರು. ತಿರುಗಿ ಮುಗಿಯಲು ಕೈ ಇಲ್ಲ. ಸುಮ್ಮನೆ ಹೋದರೆ, "ಇಲೆಕ್ಷನ್ ಮುಗಿಯೂದ್ಕಿಂತ ಮೊದಲಽ ಸೊಕ್ಕ ಬಂತು" ಎನ್ನುತ್ತಾರೆ. ಹೀಗಾಗಿ ಅವನು ನಿಂತು, ಬಾಯಿಯಿಂದಲೇ ಉತ್ತರ ಕೊಡಬೇಕಾಯಿತು: ತಾನು ಇಲೆಕ್ಷನ್ನಿಗೆ ನಿಂತಿಲ್ಲ, ಕುರ್ಚಿ ಜಾರಿದ್ದು, ತೊಲೆ ಹಿಡಿದದ್ದು, ಬಶಿ, ತೆಂಗಿನಕಾಯಿ. ಮೊದಮೊದಲು ಚುಟುಕಾಗಿ ಹೇಳುತ್ತಿದ್ದವನು ಬರಬರುತ್ತ ತೊಲೆಯನ್ನು ಸ್ವಲ್ಪ ಎತ್ತರಕ್ಕೆ ಏರಿಸಿದ. ಸೀನಿನ ಭಾಗ ಬಂದಾಗ ಕೇಳುವವರು ಬಿದ್ದು ಬಿದ್ದು ನಗುತ್ತಿದ್ದರು. ಅವನಿಗೆ ಅದು ಕೆಟ್ಟದ್ದೆನಿಸಲಿಲ್ಲ. ಒಮ್ಮೆಯಂತೂ ಯಾರೂ ಕೇಳದಿದ್ದರೂ ಚಹಾದಂಗಡಿಯ ಮುಂದೆ ತಾನಾಗಿ ಬೈಕ್ ನಿಲ್ಲಿಸಲು ಗೋಣೆಪ್ಪನಿಗೆ ಹೇಳಿದ.

ಜೋಳಿಗೆ ಬಿಚ್ಚಿದ ಮೇಲೆ ಡಾಕ್ಟರು ವ್ಯಾಯಾಮ ಹೇಳಿಕೊಟ್ಟರು. ಗೋಡೆಯ ಎದುರು ನಿಂತು ಬೆರಳುಗಳನ್ನು ಇರುವೆಯಂತೆ ಮೇಲೆ ಹತ್ತಿಸಬೇಕು, ಎಲ್ಲಿ ನೋವಾಗುತ್ತದೋ ಅಲ್ಲಿ ನಿಲ್ಲಿಸಬೇಕು. ಮನೆಯ ಗೋಡೆ ಒರಟು, ಬೆರಳು ತರಚಿತು. ಸೊಸೈಟಿ ಆಫೀಸಿನ ಗೋಡೆಗೆ ಹೊಸ ಬಣ್ಣ ಬಳಿದಿದ್ದರು, ನುಣ್ಣಗಿತ್ತು. ಬೆಳಿಗ್ಗೆ ಅಲ್ಲಿ ಹೋಗಿ ನಿಲ್ಲತೊಡಗಿದ. ಜೊತೆಗೆ ಗೋಣೆಪ್ಪನೂ ಬಂದ, "ಒಬ್ಬಾಂವನ್ನ ಯಾಕ ನಿಂದ್ರಸೂದು" ಅಂತ. ಎರಡು ದಿನದಲ್ಲಿ ಅವನಿಗೆ, ತನ್ನ ಎಡ ಹೆಗಲೂ ಹತ್ತು ವರ್ಷದಿಂದ ಹಿಡಿದಿತ್ತೆಂಬುದು ನೆನಪಾಯಿತು. ಅದನ್ನು ಕೇಳಿ ಉಚ್ಚಂಗೆವ್ವ ಬಂದಳು. ಆಕೆಗೆ ತಲೆ ಬಾಚಲು ಕೈ ಎತ್ತಲಾಗುತ್ತಿರಲಿಲ್ಲ. ಕೊಡ ಹೊತ್ತವರು, ಔಷಧದ ಡಬ್ಬಿ ಬೆನ್ನಿಗೆ ಹಾಕಿ ಹೊಲಕ್ಕೆ ಹೊಡೆದವರು, ಚೀಲ ಎತ್ತಿದವರು ಎಲ್ಲರಿಗೂ ಒಂದೊಂದು ನೋಯುವ ಹೆಗಲು ಇದ್ದೇ ಇತ್ತು. ಕ್ಷೌರದವನೂ ಅಂಗಡಿ ತೆರೆಯುವ ಮೊದಲು ಬಂದು ಸಾಲಿಗೆ ಸೇರಿದ.

ಒಂದು ಬೆಳಿಗ್ಗೆ ಹಾವೇರಿಗೆ ಹೋಗುವ ಬಸ್ಸು ಅಲ್ಲಿ ನಿಂತಿತು. ಕಿಟಕಿಯಲ್ಲಿದ್ದ ಪರವೂರಿನವನೊಬ್ಬ ನೋಡುತ್ತಾನೆ: ಗೋಡೆಯ ಉದ್ದಕ್ಕೂ ಗಂಡಸರು, ಹೆಂಗಸರು, ಮುದುಕರು ಈ ಕಡೆ ಬೆನ್ನು ಹಾಕಿ, ಕೈ ಮೇಲೆತ್ತಿ, ಗೋಡೆಗೆ ಅಂಗೈ ಹಚ್ಚಿ ಸಾಲಾಗಿ ನಿಂತಿದ್ದಾರೆ. ಅವನು ಹೆದರಿ ಕಂಡಕ್ಟರನನ್ನು ಕೇಳಿದ, "ಏನ್ ಮಾಡ್ಯಾರ್ರಿ ಇವ್ರು? ಪೊಲೀಸರು ಹಿಡದಾರೇನು?"

ಕಂಡಕ್ಟರನಿಗೆ ಗೊತ್ತಿರಲಿಲ್ಲ. ಸಾಲಿನ ನಡುವಿಂದ ಬೀರಲಿಂಗಪ್ಪನೇ ತಿರುಗಿ ನೋಡಿ, "ಇಳದ ಬರ್ರಿ, ಹೇಳತೇನಿ. ಒಂದ್ ದಿವಸ ಏನಾತಂದ್ರ..." ಎಂದು ಶುರು ಮಾಡಿದ.

"ರೈಟ್ ಅನ್ರೀ ಲಗೂ!" ಎಂದು ಪಕ್ಕದಲ್ಲಿದ್ದ ಉಡಚವ್ವ ಕಂಡಕ್ಟರನಿಗೆ ಕೂಗಿದಳು. "ಇವ್ರು ಮಾತ ಹಚ್ಚಿದ್ರ ಬಸ್ಸು ಹಾವೇರಿ ಮುಟ್ಟೂದಿಲ್ಲ!"